ಘಟ್ಟದ ತಲೆಯಲ್ಲಿ ಮೂರು ಸುತ್ತು

ಹೋದ ತಿಂಗಳು ನಮ್ಮೂರ ಐಟಿಐಯವರು ಮನೆಗೆ ಬಂದು, ಡೀಸೆಲ್ ಮೆಕ್ಯಾನಿಕ್ ಕಲಿಯುವ ಮಕ್ಕಳಿಗೆ ನಾಲ್ಕು ಅನುಭವದ ಮಾತು ಹೇಳಿ ಎಂದು ಕೇಳಿದರು. ನಾನು ಖಡಾಖಂಡಿತ ಆಗುವುದಿಲ್ಲ ಎಂದೆ. ಮೂವತ್ತು ವರ್ಷ ಬಾನೆಟ್ಟಿನ ಒಳಗೆ ತಲೆ ತೂರಿಸಿಕೊಂಡೇ ಮಾತಾಡಿದವನಿಗೆ ನೆಟ್ಟಗೆ ನಿಂತು ಮೈಕಿನ ಮುಂದೆ ಮಾತಾಡಲು ಎಲ್ಲಿಂದ ಬರಬೇಕು? ಹಾಗಾದರೆ ಬರೆದುಕೊಡಿ ಎಂದರು. ಒಪ್ಪಿಕೊಂಡುಬಿಟ್ಟೆ. ಒಪ್ಪಿದ್ದಕ್ಕೆ ಕಾರಣವೂ ಇದೆ. ನಾನು ಮಾಡಿದ ಒಂದು ದೊಡ್ಡ ತಪ್ಪನ್ನು ಎಲ್ಲಾದರೂ ಸರಿಯಾಗಿ ಬರೆದಿಡಬೇಕು ಎಂದು ಬಹಳ ದಿನದಿಂದ ಅನಿಸುತ್ತಿತ್ತು.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಗಾಡಿಯವರಿಗೆ ನಾನು ಪಂಪ್ ಭಟ್ಟ. ವಿಶ್ವೇಶ್ವರ ಭಟ್ಟ ಎಂಬ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿಯಿತು. ಪಂಪ್ ಎಂದರೆ ಬಾವಿಯದ್ದಲ್ಲ, ಡೀಸೆಲ್ ಎಂಜಿನ್ನಿನದ್ದು. ಯಾವ ಕ್ಷಣಕ್ಕೆ, ಎಷ್ಟು ಹನಿ ಡೀಸೆಲ್ ಎಂಜಿನ್ನಿನ ಹೊಟ್ಟೆಗೆ ಹೋಗಬೇಕು ಎಂದು ಅಳೆದು ಕೊಡುವುದು ಅದರ ಕೆಲಸ. ಅದನ್ನು ಬಿಚ್ಚಿ, ತೊಳೆದು, ಅಳತೆ ಕೂಡಿಸುವುದು ನನ್ನ ಕೆಲಸ. ನನ್ನ ಹತ್ತಿರ ಬಂದವರಲ್ಲಿ ಹತ್ತಕ್ಕೆ ಒಂಬತ್ತು ಜನರ ದೂರು ಒಂದೇ: "ಭಟ್ರೆ, ಪುಲಿಂಗ್ ಇಲ್ಲ." ಏರು ಎಳೆಯುವ ತಾಕತ್ತಿಗೆ ಗಾಡಿಯವರು ಪುಲಿಂಗ್ ಎನ್ನುತ್ತಾರೆ. ಯಾವ ದಿಕ್ಕಿಗೆ ಹೊರಟರೂ ಒಂದು ಘಟ್ಟ ಎದುರಾಗುವ ನಮ್ಮ ಕಡೆ, ಪುಲಿಂಗ್ ಇಲ್ಲದ ಗಾಡಿ ಇದ್ದೂ ಇಲ್ಲದಂತೆ.

ನಮ್ಮ ಮನೆ ಮತ್ತಿಘಟ್ಟ. ಪಿಯುಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದು, ತೊಂಬತ್ತರ ದಶಕದ ಶುರುವಿನಲ್ಲಿ ಶಿರಸಿಯ ಬಾಬಾಜಾನ್ ಉಸ್ತಾದರ ಪಂಪ್ ಅಂಗಡಿ ಸೇರಿದೆ. ಭಟ್ಟರ ಮನೆ ಮಾಣಿ ಡೀಸೆಲ್ ಕೈ ಮಾಡಿಕೊಂಡ ಎಂದು ಅಪ್ಪಯ್ಯ ಒಂದು ವಾರ ಮಾತು ಬಿಟ್ಟಿದ್ದರು. ಆಯಿ ಮಾತ್ರ, "ಕೈ ತೊಳ್ಕಂಡು ಉಂಡ್ರೆ ಸಾಕು ತಮಾ," ಎಂದಳು. ಉಸ್ತಾದರು ಮೊದಲ ದಿನವೇ ನನಗೆಂದು ಬೇರೆ ಸ್ಟೀಲ್ ಲೋಟ ತಂದು, ಎದುರಿನ ಭಟ್ಟರ ಹೋಟೆಲಿನಿಂದ ಚಹಾ ತರಿಸುತ್ತಿದ್ದರು. ಎಂಟನೇ ದಿನ ನಾನು ಅವರ ಕೆಟಲಿನಿಂದ, ಎಲ್ಲರ ಗಾಜಿನ ಲೋಟದಲ್ಲೇ ಬಗ್ಗಿಸಿಕೊಂಡು ಕುಡಿದೆ. ಅವರು ನೋಡಿದರು. ಮರುದಿನ ಆ ಸ್ಟೀಲ್ ಲೋಟ ಅಂಗಡಿಯಲ್ಲಿ ಇರಲಿಲ್ಲ. ಆವತ್ತಿನಿಂದ ನನ್ನನ್ನು ಬಾಯಿತುಂಬ ಬೈಯಲು ಶುರು ಮಾಡಿದರು.

ಉಸ್ತಾದರಿಗೆ ಓದು ಬರುತ್ತಿರಲಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಮುಟ್ಟಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಿದ್ದರು. ಯಾವ ಸಿಲಿಂಡರಿಗೆ ಡೀಸೆಲ್ ಕಡಿಮೆ ಬೀಳುತ್ತಿದೆ ಎಂದು ಅಷ್ಟರಲ್ಲೇ ಹೇಳುತ್ತಿದ್ದರು. ಆಮೇಲೆ ಬಿಳಿ ಬಟ್ಟೆ. ಹಳೆಯ ಪಂಚೆಯ ತುಂಡನ್ನು ಹೊಗೆ ಕೊಳವೆಯ ಬಾಯಿಗೆ ಹಿಡಿದು, ಎಕ್ಸಿಲೇಟರ್ ತುಳಿಸಿ, ಹತ್ತು ಎಣಿಸುತ್ತಿದ್ದರು. ಬಟ್ಟೆ ಕಪ್ಪಾದರೆ ಡೀಸೆಲ್ ಹೆಚ್ಚಾಗಿದೆ, ಅರ್ಧ ಉರಿದು ಹೊರಗೆ ಬರುತ್ತಿದೆ. ನೀಲಿಯ ಛಾಯೆ, ಎಣ್ಣೆಯ ಪಸೆ ಇದ್ದರೆ ಎಂಜಿನ್ ಆಯಿಲ್ ಸುಡುತ್ತಿದೆ. ತಿಳಿ ಬೂದಿ ಬಣ್ಣ ಬಂದರೆ ಗಾಡಿ ಬಿಡಬಹುದು. ಈಗ ನೀವು ಲ್ಯಾಪ್‌ಟಾಪ್ ಸಿಕ್ಕಿಸಿ ನೋಡುವುದನ್ನು ಅವರು ಪಂಚೆಯ ತುಂಡಿನಲ್ಲಿ ನೋಡುತ್ತಿದ್ದರು. ಲ್ಯಾಪ್‌ಟಾಪೇ ಒಳ್ಳೆಯದು, ನಾನೇನು ಜಗಳ ಮಾಡುವುದಿಲ್ಲ. ಪಂಚೆ ಮಾತ್ರ ಕರೆಂಟ್ ಹೋದಾಗಲೂ ಕೆಲಸ ಮಾಡುತ್ತಿತ್ತು.

ಮೂರನೇ ವರ್ಷ ನನಗೆ ಕೊಂಬು ಬಂತು. ಉಸ್ತಾದರು ಮದುವೆಗೆಂದು ಹಾನಗಲ್ಲಿಗೆ ಹೋದ ದಿನ ಯಲ್ಲಾಪುರದ ಚಂದಗುಳಿ ಕಡೆಯ ಗಾಂವ್ಕರರೊಬ್ಬರು ಗಾಡಿ ತಂದರು. "ಭಟ್ರೆ, ಅರಬೈಲ್ ಘಟ್ಟದಲ್ಲಿ ಜೀವ ಬಾಯಿಗೆ ಬತ್ತು. ಏನಾದ್ರೂ ಮಾಡಿ," ಎಂದರು. ಪಂಪಿನ ಬೆನ್ನಿಗೆ ಒಂದು ಸಣ್ಣ ಸ್ಕ್ರೂ ಇರುತ್ತದೆ. ಅದನ್ನು ಒಳಕ್ಕೆ ತಿರುಗಿಸಿದರೆ ಡೀಸೆಲ್ ಹೆಚ್ಚು ಬೀಳುತ್ತದೆ. ಉಸ್ತಾದರು ಅದನ್ನು ಕಾಲು ಸುತ್ತು ತಿರುಗಿಸಲು ಅರ್ಧ ಗಂಟೆ ಯೋಚಿಸುತ್ತಿದ್ದರು. ನಾನು ಧಾರಾಳವಾಗಿ ಒಂದೂವರೆ ಸುತ್ತು ತಿರುಗಿಸಿದೆ. ಗಾಡಿ ಕರಿ ಹೊಗೆ ಕಾರುತ್ತ ಕುದುರೆಯಂತೆ ಹೊರಟಿತು. ವಾರ ಕಳೆದು ಗಾಂವ್ಕರರು ಬಾಳೆಗೊನೆ ತಂದುಕೊಟ್ಟರು. ಘಟ್ಟ ಸಲೀಸಾಗಿ ಹತ್ತಿದ ಸಂತೋಷಕ್ಕೆ ಚಂದಗುಳಿಯ ಗಣಪತಿಗೆ ಹೊತ್ತ ಹರಕೆಯ ಗಂಟೆಯನ್ನೂ ಕಟ್ಟಿ ಬಂದಿದ್ದರು. ನಾನು ಎರಡು ಅಂಗುಲ ಎತ್ತರವಾದೆ.

ಮೂರನೇ ವಾರ ಅದೇ ಗಾಡಿಯನ್ನು ಎಳೆದುಕೊಂಡು ತಂದರು. ಬಿಚ್ಚಿ ನೋಡಿದರೆ ಪಿಸ್ಟನ್ನಿನ ತಲೆ ಕರಗಿ ತೂತಾಗಿತ್ತು. ಗಾಳಿ ಇದ್ದಷ್ಟೇ ಇದ್ದು ಡೀಸೆಲ್ ಮಾತ್ರ ಹೆಚ್ಚಿಸಿದರೆ ಬೆಂಕಿ ಎಲ್ಲಿಗೆ ಹೋಗಬೇಕು? ಗಾಂವ್ಕರರು ಕೆಂಪಗಾಗಿದ್ದರು. "ಯಾರ್ರೀ ಇದ್ಕೆ ಕೈ ಹಾಕಿದ್ದು? ಕಟ್ಟಿದ ಗಂಟೆ ಬಿಚ್ಕಂಡು ಬರೂಲೆ ಆಗ್ತದಾ ನಂಗೆ?" ಎಂದು ಕೂಗಿದರು. ನಾನು ಸಾಮಾನು ಕಚ್ಚಿ ಹಿಡಿಯುವ ವೈಸಿನ ಹಿಂದೆ ಬಟ್ಟೆ ಹಿಂಡುತ್ತ ನಿಂತಿದ್ದೆ. ಉಸ್ತಾದರು ನನ್ನ ಕಡೆ ನೋಡಲೂ ಇಲ್ಲ.

"ಸ್ಕ್ರೂ ತಿರುಗಿಸಿದ್ದು ನಾನೇ," ಎಂದರು. "ನನ್ನ ಗಲತಿ ಸಾಹೇಬ್ರೆ. ಗಾಡಿ ನಾನೇ ರೆಡಿ ಮಾಡಿ ಕೊಡ್ತೀನಿ."

ಐದು ದಿನ ಅವರೊಬ್ಬರೇ ಕೂತು ಆ ಎಂಜಿನ್ ಕೂಡಿಸಿದರು. ನನಗೆ ಸ್ಪ್ಯಾನರ್ ಕೊಡುವ ಕೆಲಸ ಮಾತ್ರ. ಆರನೇ ದಿನ, "ಭಟ್, ತಪ್ಪು ಮಾಡ್ದವ್ನು ಒಂದು ದಿನ ಮೆಕ್ಯಾನಿಕ್ ಆಗ್ತಾನೆ. ಮುಚ್ಚಿಟ್ಟವ್ನು ಆಗಲ್ಲ," ಎಂದರು. ಗಾಂವ್ಕರರು ಮುಂದೆಯೂ ನಮ್ಮಲ್ಲಿಗೇ ಬರುತ್ತಿದ್ದರು. ಸ್ಕ್ರೂ ತಿರುಗಿಸಿದ್ದು ತಾವೇ ಎಂದ ಉಸ್ತಾದರ ಆ ಒಂದು ಮಾತಿನಿಂದ ನನ್ನ ಹೊಟ್ಟೆಪಾಡು ಉಳಿಯಿತು. ಅವರ ಋಣ ದೊಡ್ಡದು ಎಂದು ನಾನು ಸಭ್ಯತೆಗೆ ಬರೆಯುತ್ತಿಲ್ಲ, ನಿಜವಾಗಿಯೂ ದೊಡ್ಡದು.

ಆಮೇಲಾಮೇಲೆ ಕೆಲಸದ ರೀತಿ ಬದಲಾಯಿತು. ಪಂಪ್ ಕೂಡಿಸಿ ತಿರುಗಿಸುವ ಟೆಸ್ಟ್ ಬೆಂಚ್ ಬಂತು. ಸಾಲಾಗಿ ನಿಲ್ಲಿಸಿದ ಗಾಜಿನ ನಳಿಕೆಗಳಲ್ಲಿ ಡೀಸೆಲ್ ಸಮ ಏರಿತೋ ಇಲ್ಲವೋ ಎಂದು ಕಣ್ಣಿಗೇ ಕಾಣುತ್ತಿತ್ತು. ಉಸ್ತಾದರು ಅದನ್ನು ನೋಡಿ, "ಬಹುತ್ ಅಚ್ಛಾ, ಇನ್ನು ನನ್ನ ಕಿವಿಗೆ ರಜಾ," ಎಂದು ನಕ್ಕರು. ಎರಡು ಸಾವಿರದ ಹೊತ್ತಿಗೆ ಅವರಿಗೆ ಮಂಡಿ ನೋವು ಹೆಚ್ಚಾಗಿ ಅಂಗಡಿಯನ್ನು ನನ್ನ ಕೈಗೆ ಒಪ್ಪಿಸಿ ಮನೆಯಲ್ಲಿ ಕೂತರು. ಆ ವರ್ಷಗಳಲ್ಲೇ ಟರ್ಬೋ ಎಂಬ ಮಾತು ಘಟ್ಟದ ಕೆಳಗಿನಿಂದ ಮೇಲಕ್ಕೆ ಹತ್ತಿ ಬಂತು.

ಟರ್ಬೋ ಅಂದರೆ ಬಸವನಹುಳುವಿನ ಚಿಪ್ಪಿನಂಥ ಒಂದು ಡಬ್ಬಿ. ಎಂಜಿನ್ನಿನಿಂದ ಹೊರಬೀಳುವ ಹೊಗೆಯ ರಭಸಕ್ಕೆ ಅದರೊಳಗೆ ಒಂದು ಚಕ್ರ ತಿರುಗುತ್ತದೆ. ಅದೇ ಸರಳಿನ ಆಚೆ ತುದಿಯಲ್ಲಿರುವ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಎಳೆದು ಎಂಜಿನ್ನಿಗೆ ಒತ್ತಿ ತುಂಬುತ್ತದೆ. ಗಾಂವ್ಕರರ ಗಾಡಿಗೆ ಕಡಿಮೆ ಬಿದ್ದದ್ದು ಯಾವುದೋ ಅದನ್ನೇ, ಅಂದರೆ ಗಾಳಿಯನ್ನು, ಇದು ಕೊಡುತ್ತದೆ. ಗಾಳಿ ಹೆಚ್ಚಾದರೆ ಡೀಸೆಲ್ಲನ್ನೂ ಸ್ವಲ್ಪ ಹೆಚ್ಚಿಸಬಹುದು. ಇದನ್ನು ಕಲಿಯಲು ಹುಬ್ಬಳ್ಳಿಯಲ್ಲಿ ಒಂದು ದಿನದ ತರಬೇತಿಗೆ ಹೋಗಿದ್ದೆ. ಬೆಳಿಗ್ಗೆ ಕಣ್ಣರಳಿಸಿ ಕೇಳಿದೆ. ಮಧ್ಯಾಹ್ನ ರೊಟ್ಟಿ, ಬದನೆಕಾಯಿ ಎಣಗಾಯಿ, ಗಟ್ಟಿ ಮೊಸರು. ಊಟ ಆದ ಮೇಲಿನ ಪಾಠದಲ್ಲಿ ಫ್ಯಾನಿನ ಕೆಳಗೆ ಚೆನ್ನಾಗಿ ನಿದ್ದೆ ಮಾಡಿದೆ. ಹೊರಡುವಾಗ ಒಂದು ಇಂಗ್ಲಿಷ್ ಪುಸ್ತಿಕೆ ಕೊಟ್ಟರು. ಅದನ್ನು ಮೇಜಿನ ಖಾನೆಯಲ್ಲಿ ಭದ್ರವಾಗಿ ಇಟ್ಟೆ, ತೆರೆಯಲಿಲ್ಲ.

ಶಿರಸಿಯ ಕೃಷ್ಣ ಹೆಗಡೇರು ಹಂಚು ಮತ್ತು ಹಿಂಡಿಯ ವ್ಯಾಪಾರಸ್ಥರು. ಅವರ ಹತ್ತಿರ ಒಂದು ಡೀಸೆಲ್ ಪಿಕಪ್ ಇತ್ತು. ದಿನಾ ಕುಮಟಾದಿಂದ ಮಾಲು ತುಂಬಿಕೊಂಡು ಘಟ್ಟ ಹತ್ತಬೇಕು. ಡ್ರೈವರ್ ಸಿದ್ದಾಪುರ ತಾಲೂಕು ನಿಲ್ಕುಂದದ ಮಾಬ್ಲ ನಾಯ್ಕ. ನನ್ನದೇ ವಯಸ್ಸು, ಮಿತಭಾಷಿ. ಹಾರನ್ ಹೊಡೆಯಲೂ ಸಂಕೋಚಪಡುವ ಮನುಷ್ಯ. ಹೆಗಡೇರು, "ಭಟ್ರೇ, ಈ ಗಾಡಿಗೆ ಟರ್ಬೋ ಕೂರ್ಸಲೆ ಬತ್ತಾ?" ಎಂದು ಕೇಳಿದರು. ಬರುವುದಿಲ್ಲ ಎನ್ನುವ ಜಾಯಮಾನ ನನ್ನದಲ್ಲ. ಹುಬ್ಬಳ್ಳಿಯ ಗುಜರಿಯಲ್ಲಿ ಹೊಂದುವ ಟರ್ಬೋ ಹುಡುಕಿ ತಂದು, ಪೈಪುಗಳನ್ನು ನಾನೇ ಬಗ್ಗಿಸಿ, ಎಂಜಿನ್ನಿನಿಂದ ಅದಕ್ಕೆ ಆಯಿಲ್ ಹೋಗುವ ನಳಿಕೆ ಎಳೆದು ಕೂರಿಸಿದೆ. ಸ್ಕ್ರೂ ಈ ಸಲ ಕಾಲು ಸುತ್ತು ಮಾತ್ರ. ಪಂಚೆಯ ತುಂಡು ಹಿಡಿದರೆ ತಿಳಿ ಬೂದಿ ಬಣ್ಣ. ಮೈಯೆಲ್ಲ ಹಗುರಾಯಿತು.

ಗಾಡಿ ಬಿಡುವಾಗ ಮಾಬ್ಲನಿಗೆ ನಾನೇ ಒಂದು ಮಾತು ಹೇಳಿದೆ. ನಮ್ಮ ಘಟ್ಟದ ತಲೆಯಲ್ಲಿ, ಏರು ಮುಗಿದ ಕೂಡಲೇ, ರಸ್ತೆ ಬದಿಗೆ ದೊಡ್ಡ ಮರದ ಬುಡದಲ್ಲಿ ಒಂದು ಅಮ್ಮನ ಕಟ್ಟೆ ಇದೆ. ಹತ್ತಿ ಬಂದ ಗಾಡಿಯವರೆಲ್ಲ ಅಲ್ಲಿ ನಿಲ್ಲಿಸಿ ಕೈಮುಗಿದು ಹೋಗುವುದು ರೂಢಿ. ಅಮ್ಮನ ಎದುರು ಗಾಡಿ ಗುರುಗುಟ್ಟಬಾರದು ಎಂಬುದು ಅಲ್ಲಿಯ ಕಟ್ಟಳೆ. ನಿಂತ ಕೂಡಲೇ ಎಂಜಿನ್ ಬಂದ್ ಮಾಡಬೇಕು, ಆಮೇಲೆ ಇಳಿಯಬೇಕು. ಹೊಸ ಸಾಮಾನು ಹಾಕಿದ ಗಾಡಿಯಂತೂ ಕಾಯಿ ಒಡೆಯದೆ ದಾಟುವುದೇ ಇಲ್ಲ. "ಮಾಬ್ಲ, ಏನು ಮರೆತ್ರೂ ಅಮ್ಮನ ಹತ್ರ ನಿಲ್ಸೂದು ಮರೀಬೇಡ. ದಿನಾ ನಿಲ್ಸು," ಎಂದೆ. "ಅಯ್ಯೋ, ಹೇಳ್ಬೇಕನ್ರಾ ಭಟ್ರೆ?" ಎಂದು ನಕ್ಕು ಹೋದ.

ಒಂದೂವರೆ ತಿಂಗಳು ಎಲ್ಲರ ಬಾಯಲ್ಲೂ ಅದೇ ಮಾತು. ಮೊದಲ ಗೇರಿನಲ್ಲಿ ನರಳುತ್ತಿದ್ದ ಗಾಡಿ ಮೂರನೇ ಗೇರಿನಲ್ಲಿ ಏರುತ್ತಿತ್ತು. ಹೆಗಡೇರು ಪೇಟೆಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದರು. ಆಮೇಲೆ ಒಂದು ಬೆಳಿಗ್ಗೆ ಪಿಕಪ್ ನೀಲಿ ಹೊಗೆ ಬಿಡುತ್ತ ಅಂಗಡಿ ಮುಂದೆ ಬಂದು ನಿಂತಿತು. ಬಿಚ್ಚಿದರೆ ಟರ್ಬೋದ ಸರಳು ಕೈಯಲ್ಲಿ ಲಟಪಟ ಅಲ್ಲಾಡುತ್ತಿತ್ತು. ಗುಜರಿಯ ಮಾಲು, ಹಳೆಯದಿರಬೇಕು ಎಂದುಕೊಂಡು ಇನ್ನೊಂದು ತಂದು ಕೂರಿಸಿದೆ, ಆಯಿಲ್ ಮತ್ತು ಫಿಲ್ಟರ್ ಬದಲಿಸಿದೆ. ಎರಡು ತಿಂಗಳಿಗೆ ಅದೂ ಹೋಯಿತು. ಸರಳು ಕೂರುವ ಜಾಗದಲ್ಲಿ ಆಯಿಲ್ ಸುಟ್ಟು ಇದ್ದಿಲಿನ ಹಾಗೆ ಕಟ್ಟಿಕೊಂಡಿತ್ತು.

ಹೆಗಡೇರು ಅಂಗಡಿಗೆ ಬಂದರು. ಮಾಬ್ಲ ಬಾಗಿಲ ಹತ್ತಿರ ನಿಂತಿದ್ದ. ಬೇರೆ ಗಾಡಿಯ ನಾಲ್ಕು ಜನ ಚಹಾ ಕುಡಿಯುತ್ತಿದ್ದರು.

"ಎಂತ ಆಜು ಭಟ್ರೇ? ಎರಡು ಹೋತಲಿ," ಎಂದರು ಹೆಗಡೇರು.

ನಾಲ್ಕು ಜನರ ಮುಂದೆ ನನಗೆ ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ. ಪಂಪ್ ಭಟ್ಟನಿಗೆ ಗೊತ್ತಿಲ್ಲವೇ ಎಂದು ಜನ ಆಡಿಕೊಂಡರೆ? ಆಯಿಲ್ ಸುಟ್ಟಿದೆ ಎಂದರೆ ಟರ್ಬೋ ವಿಪರೀತ ಕಾದಿದೆ. ಕಾದಿದೆ ಎಂದರೆ ಯಾರೋ ಎಂಜಿನ್ನನ್ನು ಹರಿದು ಹಾಕುವ ಹಾಗೆ ತುಳಿದಿದ್ದಾರೆ. ಅಷ್ಟಕ್ಕೇ ನನ್ನ ಬುದ್ಧಿ ನಿಂತಿತು.

"ಯನ್ನ ಕೆಲಸದಲ್ಲಿ ತಪ್ಪಿಲ್ಲೆ ಹೆಗಡೇರೇ," ಎಂದೆ. "ಹೊಡಿಯವ್ನ ಕಾಲು ಸರಿ ಇಲ್ಲೆ. ಪುಲಿಂಗ್ ಸಿಕ್ತು ಹೇಳಿ ತುಳದ್ದೇ ತುಳದ್ದು."

ಮಾಬ್ಲ ಒಂದು ಹೆಜ್ಜೆ ಒಳಗೆ ಬಂದ. "ಭಟ್ರೆ, ನಾ ಹಂಗೆ ಹೊಡೀಲಿಲ್ರಾ. ಹದ್ನೈದು ವರ್ಷ ಆಯ್ತು ಸ್ಟೇರಿಂಗ್ ಹಿಡ್ದು. ನೀವೇ ಹಿಂಗಂದ್ರೆ ನಾ ಇನ್ಯಾರ ಹತ್ರ ಹೇಳೂದು?"

"ಆಯಿಲ್ ಸುಟ್ಟಿದ್ದು ಕಣ್ಣೆದ್ರಿಗೆ ಇದ್ಯಲ್ಲ ಮಾರಾಯ," ಎಂದೆ ನಾನು.

ಅವನು ಗಾಡಿಯ ಕೀಯನ್ನು ಬೆಂಚಿನ ಮೇಲೆ, ಬಿಚ್ಚಿದ ಟರ್ಬೋದ ಪಕ್ಕ ಇಟ್ಟು ಹೊರಟುಹೋದ. ಹೆಗಡೇರು ತಡೆಯಲಿಲ್ಲ. ಮರುದಿನದಿಂದ ಶ್ರೀಧರ ಎಂಬ ಇನ್ನೊಬ್ಬ ಡ್ರೈವರ್ ಬಂದ. ಪಂಪ್ ಭಟ್ಟ ಹೇಳಿದ ಮಾತು ಪಿಕಪ್ ಸ್ಟ್ಯಾಂಡಿನಲ್ಲಿ ಹರಡಲು ಒಂದು ದಿನವೂ ಬೇಕಾಗಲಿಲ್ಲ. "ಟರ್ಬೋ ಸುಡೂ ಮಾಬ್ಲ" ಎಂದು ಹೆಸರಿಟ್ಟರಂತೆ. ಶಿರಸಿಯಲ್ಲಿ ಯಾರೂ ಅವನ ಕೈಗೆ ಗಾಡಿ ಕೊಡಲಿಲ್ಲ ಎಂಬುದು ನನಗೆ ಆಮೇಲೆ ಗೊತ್ತಾಯಿತು.

ಶ್ರೀಧರ ಎಂದರೆ ನಿಧಾನದ ಅಪರಾವತಾರ. ಎತ್ತಿನ ಗಾಡಿಯೂ ಅವನನ್ನು ಹಿಂದೆ ಹಾಕಿ ಹೋಗುತ್ತದೆ ಎಂದು ತಮಾಷೆ ಮಾಡುತ್ತಿದ್ದರು. ಅವನ ಕೈಯಲ್ಲಿ ಮೂರನೇ ಟರ್ಬೋ ಎರಡೂವರೆ ತಿಂಗಳು ಬಾಳಿತು. ಬಿಚ್ಚಿದಾಗ ಅದೇ ಜಾಗದಲ್ಲಿ ಅದೇ ಇದ್ದಿಲು. ಶ್ರೀಧರನ ಕಾಲನ್ನು ದೂರಲು ನನ್ನಿಂದ ಆಗುವಂತಿರಲಿಲ್ಲ. ಹಾಗಾದರೆ ಮಾಬ್ಲನ ಕಾಲನ್ನು ಯಾವ ಬಾಯಲ್ಲಿ ದೂರಿದ್ದೆ?

ಶುಕ್ರವಾರ ನಮಾಜು ಮುಗಿಯುವ ಹೊತ್ತು ನೋಡಿಕೊಂಡು ಉಸ್ತಾದರ ಮನೆಗೆ ಹೋದೆ. ಮಂಡಿಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದರು. ಮೂರು ಟರ್ಬೋದ ಕಥೆಯನ್ನೂ ಪೂರ್ತಿ ಕೇಳಿದರು. ಮಾಬ್ಲನ ವಿಷಯ ನಾನು ಸ್ವಲ್ಪ ಹಾರಿಸಿ ಹೇಳಿದೆ, ಅವರು ಹಾರಲು ಬಿಡಲಿಲ್ಲ.

"ಭಟ್, ಟರ್ಬೋ ನೋಡ್ದೆ, ಆಯಿಲ್ ನೋಡ್ದೆ," ಎಂದರು. "ಆ ಗಾಡೀಲಿ ಕೂತು ಘಟ್ಟ ಹತ್ತಿದ್ಯಾ?"

"ಇಲ್ಲ."

"ಹತ್ತದೇ ಡ್ರೈವರ್‌ನ ಹೊಟ್ಟೆ ಮೇಲೆ ಹೊಡ್ದೆ. ಶಾಭಾಸ್."

ಬೈದಿದ್ದರೆ ಒಳ್ಳೆಯದಿತ್ತು. ನಾಲ್ಕನೇ ಟರ್ಬೋ ಕೂರಿಸಿ, ಮರುದಿನ ನಾನೇ ಕುಮಟಾಕ್ಕೆ ಹೋಗಿ, ಹಂಚು ತುಂಬಿದ ಗಾಡಿಯಲ್ಲಿ ಶ್ರೀಧರನ ಪಕ್ಕ ಕೂತೆ. ಸ್ಕ್ರೂಡ್ರೈವರ್, ಬಿಳಿ ಬಟ್ಟೆ, ನೋಟ್ ಬುಕ್ ಎಲ್ಲ ಇತ್ತು. ಘಟ್ಟದುದ್ದಕ್ಕೂ ಕಿವಿ ತೆರೆದಿಟ್ಟೆ. ಎಂಜಿನ್ ಒಂದೇ ಹದದಲ್ಲಿ ದುಡಿಯುತ್ತಿತ್ತು, ಹೊಗೆಯಿಲ್ಲ, ಅಪಸ್ವರವಿಲ್ಲ. ಏರು ಮುಗಿಯಿತು. ಅಮ್ಮನ ಕಟ್ಟೆ ಬಂತು. ಶ್ರೀಧರ ಗಾಡಿ ಬದಿಗೆ ನಿಲ್ಲಿಸಿ, ಪದ್ಧತಿಯ ಪ್ರಕಾರ ತಕ್ಷಣ ಎಂಜಿನ್ ಬಂದ್ ಮಾಡಿ, ಚಪ್ಪಲಿ ಬಿಟ್ಟು ಇಳಿದ.

ಘಟ್ಟವೆಲ್ಲ ಸ್ತಬ್ಧವಾಯಿತು. ಆ ಮೌನದಲ್ಲಿ ಬಾನೆಟ್ಟಿನ ಒಳಗಿನಿಂದ ಸಣ್ಣದೊಂದು ಸದ್ದು ಕೇಳಿಸಿತು. ಸೂಂ ಎಂದು, ಸೊಳ್ಳೆಯ ಹಾಗೆ. ಎಂಜಿನ್ ಸತ್ತಿತ್ತು, ಟರ್ಬೋ ಇನ್ನೂ ತಿರುಗುತ್ತಿತ್ತು. ನಾನು ಇಳಿದು ಬಾನೆಟ್ ಎತ್ತಿದೆ. ಬಸವನಹುಳುವಿನ ಚಿಪ್ಪು ಮುಸ್ಸಂಜೆಯ ಸೂರ್ಯನ ಬಣ್ಣಕ್ಕೆ ತಿರುಗಿತ್ತು. ಟರ್ಬೋದ ಸರಳು ತಿರುಗುವುದು ಆಯಿಲ್ಲಿನ ತೆಳು ಪದರದ ಮೇಲೆ. ಆ ಆಯಿಲ್ ಬರುವುದು ಎಂಜಿನ್ ನಡೆಯುತ್ತಿದ್ದರೆ ಮಾತ್ರ. ಘಟ್ಟ ಹತ್ತಿ ಕೆಂಡವಾದ ಟರ್ಬೋಗೆ, ಅತಿ ಜೋರಾಗಿ ತಿರುಗುತ್ತಿರುವಾಗಲೇ, ದಿನಕ್ಕೊಮ್ಮೆ ನಾವು ಆಯಿಲ್ ನಿಲ್ಲಿಸುತ್ತಿದ್ದೆವು. ಒಳಗೆ ನಿಂತ ಆಯಿಲ್ ಅಲ್ಲೇ ಬೆಂದು ಇದ್ದಿಲಾಗುತ್ತಿತ್ತು. ಕಂಪನಿಯಿಂದಲೇ ಟರ್ಬೋ ಬಂದ ಗಾಡಿಗಳು ಆಗ ಆ ದಾರಿಯಲ್ಲಿ ಬೆರಳೆಣಿಕೆಯಷ್ಟು. ಹಾಗಾಗಿ ಯಾರಿಗೂ ಹೊಳೆದಿರಲಿಲ್ಲ. ದಿನಾ ನಿಲ್ಲಿಸು, ಮರೀಬೇಡ ಎಂದು ಹೇಳಿ ಕಳಿಸಿದವನು ಯಾರು? ನಾನೇ. ಮಾಬ್ಲ ಅಮ್ಮನ ಮಾತನ್ನೂ ನನ್ನ ಮಾತನ್ನೂ ಒಟ್ಟಿಗೇ ಪಾಲಿಸಿದ್ದ.

ಅಂಗಡಿಗೆ ಬಂದು ಮೇಜಿನ ಖಾನೆಯಿಂದ ಹುಬ್ಬಳ್ಳಿಯ ಪುಸ್ತಿಕೆ ತೆಗೆದೆ. ಎರಡನೇ ಪುಟದಲ್ಲೇ ದಪ್ಪಕ್ಷರದಲ್ಲಿ, ಚಿತ್ರದ ಸಮೇತ ಇತ್ತು: ಭಾರ ಎಳೆದ ಮೇಲೆ ಎರಡು ನಿಮಿಷವಾದರೂ ಎಂಜಿನ್ನನ್ನು ಸುಮ್ಮನೆ ನಡೆಯಲು ಬಿಟ್ಟು ಆಮೇಲೆ ಬಂದ್ ಮಾಡಿ. ಎಣಗಾಯಿಯ ನಿದ್ದೆ ನೆನಪಾಗಿ ನನ್ನ ಬಗ್ಗೆಯೇ ಹೇಸಿಗೆಯಾಯಿತು.

ಮರುದಿನ ಬೆಳಿಗ್ಗೆಯ ಬಸ್ಸಿಗೆ ನಿಲ್ಕುಂದಕ್ಕೆ ಹೋದೆ. ಮಾಬ್ಲ ತಮ್ಮನ ಜೊತೆ ಗದ್ದೆಯ ಬೇಲಿಗೆ ಗೂಟ ನೆಡುತ್ತಿದ್ದ. ನನ್ನನ್ನು ನೋಡಿ ಕೈ ನಿಲ್ಲಿಸಲಿಲ್ಲ. ನಾನು ಬೇಲಿಯ ಈಚೆ ನಿಂತೇ ಎಲ್ಲ ಹೇಳಿದೆ. ಸೂಂ ಎಂಬ ಸದ್ದು, ಕೆಂಪಾದ ಚಿಪ್ಪು, ಪುಸ್ತಿಕೆಯ ಎರಡನೇ ಪುಟ, ಮಧ್ಯಾಹ್ನದ ನಿದ್ದೆ, ಒಂದನ್ನೂ ಬಿಡಲಿಲ್ಲ. "ತಪ್ಪು ನಂದು ಮಾಬ್ಲ. ನಿನ್ನ ಮರ್ಯಾದೆ ತೆಗೆದೆ," ಎಂದೆ.

ಅವನು ಗೂಟವನ್ನು ಪೂರ್ತಿ ಹೊಡೆದು, ಕೈ ಒರೆಸಿಕೊಂಡು ಬಂದ. "ಇದ್ನ ಇಲ್ಲಿ ಬೇಲಿ ಹತ್ರ ಹೇಳಿದ್ರೆ ಎಂತಾ ಬಂತ್ರಾ ಭಟ್ರೆ? ಅವತ್ತು ಹೇಳಿದ್ದು ನಾಲ್ಕು ಜನರ ಎದ್ರಿಗೆ," ಎಂದ.

"ನಾಲ್ಕಲ್ಲ, ಸ್ಟ್ಯಾಂಡಿನಲ್ಲಿ ಎಷ್ಟು ಜನ ಇದ್ರೆ ಅಷ್ಟೂ ಜನರ ಎದ್ರಿಗೆ ಹೇಳ್ತೆ. ಬಾ."

ಒಳಗೆ ಕರೆದು ಕೂರಿಸಿದ. ಬೆಲ್ಲ, ನೀರು ಬಂತು. "ಒಂದು ಕೇಳ್ತೆ," ಎಂದ. "ಅಮ್ಮನ ಎದ್ರಿಗೆ ಗಾಡಿ ಗುರ್ ಅನ್ನಿಸೂಕಾಗ. ನಿಮ್ಮ ಟರ್ಬೋ ಎರಡು ನಿಮಿಷ ಬಂದ್ ಮಾಡೂಕಾಗ ಅಂತದೆ. ನಿಲ್ಸದೇ ದಾಟೂಕಂತೂ ನನ್ನ ಕೈಲಿ ಆಗೂದಿಲ್ಲ. ಹೆಂಗ್ರಾ?"

ಬಾನೆಟ್ಟಿನೊಳಗಿನ ಪ್ರಶ್ನೆಯಾಗಿದ್ದರೆ ಏನಾದರೂ ಹೇಳುತ್ತಿದ್ದೆ. ಅವನೇ ಅಂಗಳದ ತುಳಸಿಕಟ್ಟೆಯನ್ನು ನೋಡುತ್ತ ಕೂತು, ಕೊನೆಗೆ ಹೇಳಿದ: "ಗಾಡಿ ಎದ್ರಿಗೆ ನಿಲ್ಸೂದು ಬ್ಯಾಡ. ಮರದ ಈಚೆ ನಿಲ್ಸ್ತೆ, ಅದು ಅಲ್ಲೇ ಕುಟುಕುಟು ಅಂತಿರ್ಲಿ. ನಾ ಮೊದ್ಲು ಕಟ್ಟೆಗೆ ಮೂರು ಸುತ್ತು ಬತ್ತೆ. ದೊಡ್ಡ ಮರ, ನಿಧಾನಕ್ಕೆ ಸುತ್ತಿದ್ರೆ ಎರಡು ನಿಮಿಷ ಆಗೇ ಆಗ್ತದೆ. ಆಮೇಲೆ ಬಂದ್ ಮಾಡಿ, ಎದ್ರಿಗೆ ಹೋಗಿ ಕೈಮುಗಿತೆ. ಅಮ್ಮಂಗೂ ಹೆಚ್ಚಾಯ್ತು, ನಿಮ್ಗೂ ಆಯ್ತು."

ಹುಬ್ಬಳ್ಳಿಯ ತರಬೇತಿ, ಟೆಸ್ಟ್ ಬೆಂಚ್, ಇಂಗ್ಲಿಷ್ ಪುಸ್ತಿಕೆ ಎಲ್ಲವೂ ಸೇರಿ ಕೊಡಲಾಗದ ಉಪಾಯವನ್ನು ಅವನು ತುಳಸಿಕಟ್ಟೆ ನೋಡಿ ಕೊಟ್ಟ. ನಾನು ಉಳಿದ ಬೆಲ್ಲವನ್ನು ಬಾಯಿಗೆ ಹಾಕಿಕೊಂಡು ಎದ್ದೆ.

ಅದೇ ಮಧ್ಯಾಹ್ನ ಇಬ್ಬರೂ ಶಿರಸಿಯ ಪಿಕಪ್ ಸ್ಟ್ಯಾಂಡಿಗೆ ಬಂದೆವು. ಹೆಗಡೇರನ್ನೂ ಕರೆಸಿದೆ. ಹತ್ತಿಪ್ಪತ್ತು ಡ್ರೈವರುಗಳಿದ್ದರು. ಮೈಕಿಲ್ಲದೆಯೇ ಎಲ್ಲರ ನಡುವೆ ನೆಟ್ಟಗೆ ನಿಂತೆ. "ಹೆಗಡೇರ ಗಾಡಿಯ ಮೂರು ಟರ್ಬೋ ಸುಟ್ಟಿದ್ದು ನಾನು. ಮಾಬ್ಲ ಅಲ್ಲ, ಶ್ರೀಧರನೂ ಅಲ್ಲ. ಗೊತ್ತಿಲ್ದೇ ಇದ್ದಿದ್ದಕ್ಕೆ ಗೊತ್ತಿದೆ ಅಂದೆ," ಎಂದೆ. ಒಬ್ಬ ನಕ್ಕ, ಇನ್ನೊಬ್ಬ ಅವನ ತಲೆಗೆ ಮೊಟಕಿದ. ಹೆಗಡೇರು ನನ್ನನ್ನು ಒಂದು ಕ್ಷಣ ದುರುಗುಟ್ಟಿ ನೋಡಿ, ಮಾಬ್ಲನ ಕಡೆ ತಿರುಗಿದರು. "ಯಾನೂ ನಿನ್ನ ಒಂದು ಮಾತು ಕೇಳಲ್ಲೆ. ಬೇಜಾರು ಮಾಡ್ಕಳಡ," ಎಂದು ಕೀ ಕೊಟ್ಟರು. ಶ್ರೀಧರನಿಗೆ ತಮ್ಮ ಅಂಗಡಿಯ ಸಣ್ಣ ಟೆಂಪೋ ಕೊಟ್ಟರು. ಅವನ ನಿಧಾನಕ್ಕೆ ಪೇಟೆಯ ಓಡಾಟವೇ ಸರಿಹೊಂದಿತು.

ಸಂಜೆ ಉಸ್ತಾದರಿಗೆ ಹೋಗಿ ಹೇಳಿದೆ. ಅವರು ಕೆಟಲಿನಿಂದ ಚಹಾ ಬಗ್ಗಿಸಿ ನನ್ನ ಮುಂದೆ ಇಟ್ಟರು. ಆ ನಾಲ್ಕನೇ ಟರ್ಬೋ ಹೆಗಡೇರು ಗಾಡಿ ಮಾರುವವರೆಗೂ ಬಾಳಿತು. ಮುಂದೆ ನಾನು ಎಷ್ಟೋ ಪಿಕಪ್ಪುಗಳಿಗೆ ಟರ್ಬೋ ಕೂರಿಸಿದೆ. ಪ್ರತಿಯೊಂದರ ಡ್ರೈವರಿಗೂ ಸ್ಕ್ರೂ, ಆಯಿಲ್ಲಿಗಿಂತ ಮೊದಲು ಮಾಬ್ಲನ ಮೂರು ಸುತ್ತು ಹೇಳಿಕೊಟ್ಟೆ. ಪ್ರತಿಯೊಂದರಲ್ಲೂ ಒಮ್ಮೆ ಕೂತು ಘಟ್ಟ ಹತ್ತಿದೆ. ಉಸ್ತಾದರು ಈಗಿಲ್ಲ. ಅವರ ಸ್ಕ್ರೂಡ್ರೈವರ್ ನಮ್ಮ ಮನೆಯ ಗೂಡಿನಲ್ಲಿದೆ.

ಅಂಗಡಿ ಬಿಟ್ಟು ಎರಡು ವರ್ಷವಾದ ಮೇಲೆ, ಈ ಬೇಸಿಗೆಯಲ್ಲಿ, ಕುಮಟಾದ ಆಸ್ಪತ್ರೆಗೆ ಕಣ್ಣು ತೋರಿಸಿಕೊಂಡು ಬರುವಾಗ ಬಸ್ಸು ತಪ್ಪಿ ಒಂದು ಹೊಸ ಪಿಕಪ್ಪಿನಲ್ಲಿ ಕೂತೆ. ಡ್ರೈವರಿಗೆ ಇಪ್ಪತ್ತೈದು ಇರಬಹುದು. ನಾನು ಯಾರೆಂದು ಅವನಿಗೆ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ. ಘಟ್ಟದ ತಲೆಯಲ್ಲಿ ಅವನು ಮರದ ಈಚೆಗೇ ನಿಲ್ಲಿಸಿ, ಎಂಜಿನ್ ಬಂದ್ ಮಾಡದೆ ಇಳಿದು, ಕಟ್ಟೆಗೆ ನಿಧಾನವಾಗಿ ಮೂರು ಸುತ್ತು ಬಂದ. ಬಂದವನು ಎಂಜಿನ್ ನಿಲ್ಲಿಸಿದ. ನಾನು ಕಿವಿಗೊಟ್ಟೆ. ಯಾವ ಸದ್ದೂ ಇರಲಿಲ್ಲ. ಆಮೇಲೆ ಎದುರಿಗೆ ಹೋಗಿ ಕೈಮುಗಿದು ಬಂದ.

"ಅದ್ಯಾಕೆ ತಮಾ, ಮೊದ್ಲೇ ಬಂದ್ ಮಾಡ್ಲಿಲ್ಲ?" ಎಂದು ಕೇಳಿದೆ.

"ಇಲ್ಲಿ ಹಂಗೇ ಅಜ್ಜಾರೆ. ಮೂರು ಸುತ್ತು ಮುಗಿಯೂ ತನ ಬಂದ್ ಮಾಡೂಕಾಗ. ಅಮ್ಮಂಗೆ ಆಗೂದಿಲ್ಲ."

"ಯಾರು ಹೇಳ್ಕೊಟ್ಟಿದ್ದು?"

"ನಂಗೆ ಗಾಡಿ ಕಲ್ಸಿದ್ದು ನಿಲ್ಕುಂದದ ಮಾಬ್ಲಣ್ಣ," ಎಂದ. ಹೆಸರು ಹೇಳುವಾಗ ಹುಡುಗನ ಬೆನ್ನು ನೆಟ್ಟಗಾಯಿತು. "ಈಗ ಮನೇಲೇ ಇರ್ತ್ರು. ದೊಡ್ಡ ಡ್ರೈವರು. ಅಷ್ಟು ವರ್ಷ ಗಾಡಿ ಹೊಡ್ದ್ರೂ ಅವ್ರ ಕೈಲಿ ಒಂದೇ ಒಂದು ಟರ್ಬೋ ಹೋಗ್ಲಿಲ್ವಂತೆ. ಹೌದಾ ಸುಳ್ಳಾ, ಯಾರಿಗೆ ಗೊತ್ತು!"

"ಹೌದು ತಮಾ," ಎಂದೆ. "ಒಂದೂ ಹೋಗ್ಲಿಲ್ಲ. ಕೂರ್ಸಿದವ ನಾನೇ, ನಂಗೆ ಗೊತ್ತು."